ಬೆಳಗಿನ ವಿಮಾನದ ಮಾತು

ಅವನ ಕಂಪನಿ ನಮ್ಮ ವಿಮಾನ ನಿಲ್ದಾಣಕ್ಕೆ ಕಾಲಿಟ್ಟ ದಿನವೇ ನಾನು ಮೂಗು ಮುರಿದಿದ್ದೆ. ಬಸ್ಸಿನ ದರಕ್ಕೆ ಟಿಕೆಟ್ ಮಾರುವವರು, ಕುಡಿಯುವ ನೀರಿಗೂ ಕಾಸು ಕೇಳುವವರು. ಅಂಥವರ ಚೆಕ್-ಇನ್ ಕೌಂಟರ್ ನನ್ನ ಕೌಂಟರಿನ ಪಕ್ಕದಲ್ಲೇ, ಅದರಲ್ಲಿ ಕೂತವನು ಅವನು!

"ಸ್ವಲ್ಪ ಸ್ಟೇಪ್ಲರ್ ಕೊಡ್ತೀರಾ?" ಎಂದ.

"ಯಾಕೆ, ನಿಮ್ಮ ಕಂಪನೀಲಿ ಅದಕ್ಕೂ ಬೇರೆ ಚಾರ್ಜಾ?"

ಅವನು ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. "ನೋಡೋದಕ್ಕೆ ಚಾರ್ಜ್ ಇಲ್ಲ, ಧಾರಾಳವಾಗಿ ನೋಡಿ." ಹಾಳಾದವನು, ನಾನು ನೋಡುತ್ತಿದ್ದುದನ್ನು ಹಿಡಿದುಬಿಟ್ಟಿದ್ದ.

ಸ್ಟೇಪ್ಲರ್ ವಾಪಸ್ ಬರಲಿಲ್ಲ, ದಿನಾ ಅವನೇ ಬಂದ. ಅವನು ಆಚೆಯಿಂದ ಕಣ್ಣು ಹೊಡೆದರೆ ನಾನು ಯಾರದೋ ಸೂಟ್‌ಕೇಸಿಗೆ ಇನ್ಯಾವುದೋ ಊರಿನ ಟ್ಯಾಗ್ ಅಂಟಿಸುತ್ತಿದ್ದೆ. ನಮ್ಮಲ್ಲೇ ಸಾಮಾನು ಹೇರುವ ಲೋಡರ್ ಆಗಿದ್ದ ಭಾವ "ಕಣ್ಣು ಎಲ್ಲಿಟ್ಟಿದ್ದೀಯೇ, ಮಹಾರಾಯ್ತಿ?" ಎಂದು ಬೈಯುತ್ತಲೇ ಸರಿಮಾಡುತ್ತಿದ್ದರು. ನನಗೆ ಈ ಕೆಲಸ ಕೊಡಿಸಿದ್ದೂ ಅವರೇ.

"ಬೆಳಿಗ್ಗೆ ಜೊತೇಲಿ ಒಂದು ಟೀ ಕುಡಿಯೋಕೂ ನಿನಗೆ ಪುರುಸೊತ್ತಿಲ್ಲ" ಎಂದು ಒಮ್ಮೆ ಅವನು ಮುನಿಸಿಕೊಂಡ.

"ಬೆಳಗಿನ ವಿಮಾನ ದಿನಾ ಫುಲ್ ಕಣೋ. ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಸಂಜೆಗೆ ವಾಪಸಾಗೋರೇ ಎಲ್ಲ. ಮಿಕ್ಕ ವಿಮಾನಗಳೆಲ್ಲ ಖಾಲಿ. ಅದೊಂದೇ ನಮಗೆ ಅನ್ನ ಹಾಕ್ತಿರೋದು."

ಮುಂದಿನ ತಿಂಗಳೇ ಅವನ ಕಂಪನಿ ಅದೇ ಊರಿಗೆ, ನಮಗಿಂತ ತುಸು ಮೊದಲು, ಅರ್ಧ ದರಕ್ಕೆ ವಿಮಾನ ಬಿಟ್ಟಿತು. ನನ್ನ ಮುಂದಿನ ಸಾಲು ಕರಗಿ ಅವನ ಮುಂದೆ ಬೆಳೆಯಿತು. ಕೊನೆಗೆ ನಮ್ಮವರು ಇಲ್ಲಿಂದ ಗಂಟುಮೂಟೆ ಕಟ್ಟಿದರು. ಭಾವನ ಕೆಲಸ ಹೋಯಿತು. ನನ್ನನ್ನು ದೂರದ ಊರಿಗೆ ವರ್ಗ ಮಾಡಿದರು.

"ನೀನೇ ಹೇಳಿದ್ದಾ?" ಎಂದು ಕೇಳಿದೆ. ಇಲ್ಲ ಎನ್ನಲಿ ಎಂದು ಮನಸ್ಸಿನಲ್ಲೇ ಎಷ್ಟು ಬೇಡಿಕೊಂಡೆನೋ.

"ಮೀಟಿಂಗಲ್ಲಿ ಬಾಯಿ ಬಿಟ್ಟೆ. ನಿನ್ನ ಕ್ಯೂ ಸ್ವಲ್ಪ ಕಮ್ಮಿಯಾಗ್ಲಿ, ನಿನಗೆ ಬಿಡುವು ಸಿಗ್ಲಿ ಅಂತ... ಮುಚ್ಚಿಬಿಡ್ತಾರೆ ಅಂತ ನಂಗೇನು ಗೊತ್ತು?" ಅವನು ಹತ್ತಿರ ಬಂದ. "ಹೋಗ್ಬೇಡ. ನಮ್ಮಲ್ಲಿ ಒಂದು ಜಾಗ ಇದೆ, ನಿನ್ನ ಹೆಸರು ಹೇಳಿದ್ದೀನಿ."

"ಹೇಳೋದ್ರಲ್ಲಿ ನೀನು ಯಾವಾಗ್ಲೂ ಮುಂದು."

"ಮದುವೆ ಆಗೋಣ ಕಣೇ."

ಈ ಮಾತಿಗಾಗಿ ಎಷ್ಟು ದಿನ ಕಾದಿದ್ದೆ! ಅವನ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆಯಾಗಿರಲಿಲ್ಲ, ನನ್ನ ಸಂಕಟವೇ ಅದು. ಆದರೆ ಮನೆಯಲ್ಲಿ ಭಾವ ಯೂನಿಫಾರ್ಮ್ ಮಡಿಸಿಟ್ಟು ಮೂಲೆ ಹಿಡಿದು ಕೂತಿದ್ದರು. ಅಕ್ಕ ಯಾರೊಡನೆಯೂ ಮಾತಾಡುತ್ತಿರಲಿಲ್ಲ.

"ಭಾವನ ಪಕ್ಕ ನಿನ್ನನ್ನ ಊಟಕ್ಕೆ ಹೇಗೋ ಕೂರಿಸ್ಲಿ?" ಎಂದೆ.

ಹೊರಡುವ ದಿನ ನನಗೆ ಬೇರೆ ದಾರಿಯಿರಲಿಲ್ಲ. ನಮ್ಮ ವಿಮಾನಗಳು ನಿಂತುಹೋಗಿದ್ದರಿಂದ ನಮ್ಮ ಕಂಪನಿಯೇ ಅವನ ಕಂಪನಿಯ ಟಿಕೆಟ್ ತೆಗೆಸಿಕೊಟ್ಟಿತ್ತು. ಎಲ್ಲರಂತೆ ಅವನ ಕೌಂಟರಿನ ಸಾಲಿನಲ್ಲಿ ನಿಂತೆ. ಅವನ ಹಿಂದೆಯೇ ಮ್ಯಾನೇಜರ್ ಇದ್ದರು. ಅವನು ನನ್ನ ಪೆಟ್ಟಿಗೆ ತೂಗಿ ಬೆಲ್ಟಿಗೆ ಬಿಟ್ಟ. ಅವನ ಕಣ್ಣುಗಳು ಕೆಂಪಾಗಿದ್ದವು. ಎಲ್ಲ ಪ್ರಯಾಣಿಕರನ್ನೂ ಕೇಳುವ ಪ್ರಶ್ನೆಯನ್ನೇ ನನ್ನನ್ನೂ ಕೇಳಿದ.

"ಒಬ್ಬರೇ ಹೋಗ್ತಿದ್ದೀರಾ, ಮೇಡಂ?"

"ಹೌದು," ಎಂದೆ. "ಒಬ್ಬಳೇ."