ಹೆಪ್ಪು ಕಳೆದುಕೊಂಡ ರಾಜ್ಯ

ಎಲ್ಲಿ, ಊಹಿಸಿ ನೋಡೋಣ. ಬಹಳ ಬಹಳ ಹಿಂದೆ ಕೆನೆಗೆರೆ ಅಂತ ಒಂದು ರಾಜ್ಯ. ಒಂದು ಸಂಜೆ ಆ ರಾಜ್ಯದ ಮನೆಮನೆಯಲ್ಲೂ ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿ, ಮುಚ್ಚಿಟ್ಟು ಮಲಗಿದರು. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದರೆ ಏನಾಗಿತ್ತು? ಬೆಕ್ಕು ಕುಡಿದು ಹೋಗಿತ್ತು ಅಂತೀರಾ? ಅಲ್ಲ. ಹಾವು ಬಾಯಿ ಹಾಕಿತ್ತೇ? ಅದೂ ಅಲ್ಲ. ಹಾಲೆಲ್ಲ ಚಿನ್ನವಾಗಿತ್ತೇ? ಕತೆ ಅಂದ ಕೂಡಲೇ ನಿಮಗೆ ಚಿನ್ನವೇ ನೆನಪಾಗುತ್ತದೆ! ಏನೂ ಆಗಿರಲಿಲ್ಲ ಸ್ವಾಮಿ. ಹಾಲು ಹಾಲಾಗಿಯೇ ಇತ್ತು. ಇಡೀ ರಾಜ್ಯದಲ್ಲಿ ಒಂದೇ ಒಂದು ಮನೆಯಲ್ಲೂ ಮೊಸರಾಗಿರಲಿಲ್ಲ.

ಹೀಗಾಗಲು ಕಾರಣ ಅಲ್ಲಿಯ ರಾಜ ಹೊನ್ನಿರಾಯ. ಒಳ್ಳೆಯವನೇ, ಆದರೆ ಆತುರಗಾರ. ಒಮ್ಮೆ ಬೇಟೆಗೆ ಹೋದವನು ಹಳಸಿದ ಮಾಂಸ ತಿಂದು ಹಾಸಿಗೆ ಹಿಡಿದ. ಆಗ ಧವಳಾಕ್ಷ ಅನ್ನುವ ಮಾಂತ್ರಿಕ ಬಂದು, ಒಂದು ಚಿಟಿಕೆ ಬಿಳಿ ಬೂದಿ ನೀರಿಗೆ ಹಾಕಿ ಕುಡಿಸಿದ. ಮೂರು ದಿನಕ್ಕೆ ರಾಜ ಎದ್ದು ಕೂತ. ಇಲ್ಲಿಯವರೆಗೆ ತಪ್ಪೇನೂ ಇಲ್ಲ ನೋಡಿ, ಅಂಥ ಕಾಯಿಲೆಗೆ ಅಂಥ ಮದ್ದು ಬೇಕೇ ಬೇಕು. ತಪ್ಪಾದದ್ದು ಆಮೇಲೆ.

"ಒಂದು ಚಿಟಿಕೆಗೇ ಇಷ್ಟು ಗುಣವಾದರೆ, ಇಡೀ ರಾಜ್ಯಕ್ಕೇ ತೂರಿಬಿಡು!" ಅಂದ ರಾಜ.

"ಅಪ್ಪಣೆ ಪ್ರಭು," ಅಂದ ಧವಳಾಕ್ಷ. ಅರಮನೆಯ ಮಾಳಿಗೆ ಹತ್ತಿ, ಗಾಳಿ ಬೀಸುವ ಹೊತ್ತು ನೋಡಿ, ಮೊರದ ತುಂಬ ಬೂದಿ ತೂರಿದ.

ಆ ಬೂದಿ ಸಾಯಿಸುವುದು ಯಾರನ್ನು ಗೊತ್ತೇ? ಸಣ್ಣವರನ್ನು. ಕಣ್ಣಿಗೆ ಕಾಣದ ಸಣ್ಣವರು ನಮ್ಮ ಹೊಟ್ಟೆಯಲ್ಲಿ ಕೋಟಿ ಕೋಟಿ ಇದ್ದಾರೆ, ಹಸುವಿನ ಹೊಟ್ಟೆಯಲ್ಲಿ ಇನ್ನೂ ಹೆಚ್ಚು. ಹೆಪ್ಪಿನಲ್ಲಿ ಕೂತು ಹಾಲನ್ನು ಮೊಸರು ಮಾಡುವವರೂ ಅವರ ನೆಂಟರೇ. ಅವರಲ್ಲಿ ನಾಲ್ಕು ಜನ ಕಳ್ಳರಿದ್ದಾರೆ, ನಿಜ. ಉಳಿದವರೆಲ್ಲ ಒಳ್ಳೆಯ ಒಕ್ಕಲು: ತಿಂದದ್ದನ್ನು ಅರಗಿಸುತ್ತಾರೆ, ಜಾಗ ಹಿಡಿದು ಕೂತು ಕಳ್ಳರನ್ನು ಒಳಗೆ ಬಿಡುವುದಿಲ್ಲ. ಈಗಿನ ಪಂಡಿತರು ಇಂಥ ಒಳ್ಳೆಯವರಿಗೆ ಪ್ರೋಬಯಾಟಿಕ್ ಅಂತಲೂ, ಅವರ ಊಟಕ್ಕೆ ಪ್ರೀಬಯಾಟಿಕ್ ಅಂತಲೂ ಹೆಸರಿಟ್ಟಿದ್ದಾರೆ. ಕೆನೆಗೆರೆಯವರು ಸಣ್ಣವರು ಅಂತಲೇ ಕರೆಯುತ್ತಿದ್ದರು, ಅವರಿಗೆ ಅಷ್ಟು ಸಾಕಾಗಿತ್ತು. ಬೂದಿಗೆ ಕಳ್ಳ ಯಾರು, ಕಾವಲುಗಾರ ಯಾರು ಅಂತ ತಿಳಿಯದು. ಎಲ್ಲರನ್ನೂ ಗುಡಿಸಿ ಹಾಕಿತು. ಖಾಲಿಯಾದ ಹೊಟ್ಟೆಗಳಿಗೆ ಮೊದಲು ಬಂದು ಸೇರಿಕೊಂಡವರು ಕಳ್ಳರು.

ಜನ ಹೊಟ್ಟೆ ಹಿಡಿದುಕೊಂಡು ನರಳತೊಡಗಿದರು. ಹಸುಗಳು ಮೆಲುಕು ಬಿಟ್ಟವು. ಧವಳಾಕ್ಷನಿಗೆ ಬೇಕಾಗಿದ್ದದ್ದೂ ಅದೇ, ಏಕೆಂದರೆ ನರಳಾಟವೇ ಅವನ ಆಹಾರ. ಒಂದೊಂದು ನರಳಿಕೆಗೂ ಒಂದೊಂದು ಗೇಣು ಬೆಳೆಯುತ್ತಿದ್ದ. ಬೂದಿ ತೂರಿದ ಎಂಟನೆಯ ದಿನಕ್ಕೆ ತೆಂಗಿನ ಮರದಷ್ಟಾಗಿದ್ದ. ರಾಜ ಹೆದರಿ ಬಾಗಿಲು ಹಾಕಿಕೊಂಡ.

ಆ ಊರಿನಲ್ಲಿ ಚಿತ್ತಯ್ಯ ಅಂತ ಒಬ್ಬ ಗೊಲ್ಲರ ಯುವಕ. ಹೆಂಡತಿ ಪಾರವ್ವ. ಮೂರು ವರ್ಷದ ಮಗಳು, ಮಾತು ಕಲಿತ ದಿನದಿಂದ ಬಾಯಿ ಮುಚ್ಚದವಳು. ಅದಕ್ಕೇ ಗಿಣಿ ಅಂತಲೇ ಹೆಸರು. ಆ ಗಿಣಿ ಈಗ ಮಾತು ನಿಲ್ಲಿಸಿ ಮಲಗಿಬಿಟ್ಟಿತ್ತು. ಕುಡಿಸಿದ್ದು ನಿಲ್ಲದು, ತಿನ್ನಿಸಿದ್ದು ಉಳಿಯದು. ಕಣ್ಣು ಗುಳಿ ಬಿದ್ದಿತ್ತು. ದಿನಕ್ಕೊಮ್ಮೆ ಮಾತ್ರ ಕೇಳುತ್ತಿದ್ದಳು, "ಅಪ್ಪಾ, ಮೊಸರನ್ನ."

ಎಲ್ಲಿಂದ ತರುತ್ತಾನೆ?

ಪಕ್ಕದ ಮನೆಯ ಬೋರಜ್ಜಿ ಮಗುವಿನ ಹೊಟ್ಟೆ ಮುಟ್ಟಿ ನೋಡಿದಳು. "ಚಿತ್ತಯ್ಯಾ, ನನ್ನ ಅಜ್ಜಿಯ ಅಜ್ಜಿ ಹೆಪ್ಪು ತಂದದ್ದು ಮಂಜಿನಗುಡ್ಡದಿಂದ ಕಣಪ್ಪ. ಅಲ್ಲಿ ಹೆಪ್ಪಿನ ತಾಯಿ ಇದ್ದಾಳಂತೆ. ಮೂರು ದಿನದ ದಾರಿ. ಎರಡು ಮಾತು ಮರೀಬೇಡ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು. ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು."

"ನನಗೆ ಗೊತ್ತಿಲ್ಲವೇ ಅಜ್ಜಿ? ಹುಟ್ಟಿದಾಗಿನಿಂದ ಮೊಸರು ಮಾಡಿದವನು ನಾನು!"

"ಗೊತ್ತಿರೋರೇ ಎಡವೋದು. ಹೋಗು, ನಿಲ್ಲಬೇಡ."

ಚಿತ್ತಯ್ಯ ಹೊರಟ. ಊರ ಹೊರಗಿನ ಹೊಳೆಯಲ್ಲಿ ತಾಮ್ರದ ಕೊಂಬಿನ ಗೂಳಿ ಅಡ್ಡ ನಿಂತಿತ್ತು. ಹೊಟ್ಟೆ ಉಬ್ಬಿ ನಗಾರಿಯಾಗಿತ್ತು.

"ಲೋ ಗೊಲ್ಲ, ನಿಮ್ಮ ರಾಜನ ಬೂದಿ ಗಾಳಿಯಲ್ಲಿ ಇಲ್ಲಿಗೂ ಬಂತು. ತಿಂದ ಹುಲ್ಲು ಕಲ್ಲಿನ ಹಾಗೆ ಕೂತಿದೆ. ನಿನ್ನನ್ನು ತಿವಿದು ಸಿಟ್ಟು ತೀರಿಸಿಕೊಳ್ಳಲೇ?"

"ತಿವಿದರೆ ಹೊಟ್ಟೆ ಇಳಿಯುತ್ತದೆಯೇ ಬಸವಣ್ಣಾ? ದಾರಿ ಬಿಡು, ಹೆಪ್ಪು ತರುತ್ತೇನೆ, ನಿನಗೂ ಪಾಲು ಕೊಡುತ್ತೇನೆ."

ಗೂಳಿ ದಾರಿ ಬಿಟ್ಟಿತು. ಎರಡನೆಯ ದಿನ ಕಾಡಿನ ನಡುವೆ ಗುಡಿಸಲಿನಷ್ಟು ದೊಡ್ಡ ಹೇಂಟೆ ಅಡ್ಡ ಬಂತು. ರೆಕ್ಕೆ ಜೋತುಬಿದ್ದಿತ್ತು. "ನನ್ನ ಮರಿಗಳು ಒಂದೊಂದೇ ತೂಕಡಿಸಿ ಬೀಳುತ್ತಿವೆ. ನಿನ್ನ ಕಣ್ಣು ಕುಕ್ಕಲೇ?"

"ಕುಕ್ಕಿದರೆ ಮರಿ ಏಳುತ್ತವೆಯೇ ತಾಯಿ? ದಾರಿ ಬಿಡು, ಹೆಪ್ಪು ತರುತ್ತೇನೆ, ನಿನಗೂ ಪಾಲು ಕೊಡುತ್ತೇನೆ."

ಮೂರನೆಯ ದಿನ ಗುಡ್ಡದ ಬುಡದಲ್ಲಿ ಡೊಳ್ಳವ್ವ ಅನ್ನುವ ರಾಕ್ಷಸಿ ಕಾಲು ಚಾಚಿ ದಾರಿ ತುಂಬ ಕೂತಿದ್ದಳು. "ಅಯ್ಯೋ ನನ್ನ ಹೊಟ್ಟೆ! ಲೋ ಮಾನವಾ, ಮೊದಲಾಗಿದ್ದರೆ ನಿನ್ನನ್ನು ಉಪ್ಪಿನಕಾಯಿಯ ಹಾಗೆ ನೆಂಚಿಕೊಳ್ಳುತ್ತಿದ್ದೆ. ಈಗ ನಿನ್ನ ವಾಸನೆಗೇ ಓಕರಿಕೆ ಬರುತ್ತದೆ."

"ಬಚಾವಾದೆ ಬಿಡು!" ಅಂದ ಚಿತ್ತಯ್ಯ. ಅವಳಿಗೂ ಪಾಲಿನ ಮಾತು ಕೊಟ್ಟ.

ಗುಡ್ಡ ಹತ್ತಿ ಒಮ್ಮೆ ಹಿಂತಿರುಗಿ ನೋಡಿದ. ಮೂರು ದಿನದ ದೂರದಿಂದಲೂ ಧವಳಾಕ್ಷ ಕಾಣುತ್ತಿದ್ದ, ಊರಿನ ಮೇಲೆ ಬಿಳಿಯ ಕಂಬದ ಹಾಗೆ. ನೋಡನೋಡುತ್ತಲೇ ಇನ್ನೊಂದು ಗೇಣು ಎದ್ದ. ಆ ಗೇಣು ಯಾರ ನರಳಿಕೆಯದು? ಗಿಣಿಯದೇ? ಚಿತ್ತಯ್ಯ ದಾಪುಗಾಲು ಹಾಕಿದ.

ತುದಿಯಲ್ಲಿ ಮಂಜಿನ ಗವಿ. ಗವಿಯೊಳಗೆ ಮುದುಕಿ, ಮೈಯೆಲ್ಲ ಕೆನೆಬಣ್ಣ. ಅವಳೇ ಹೆಪ್ಪಿನ ತಾಯಿ.

"ನನ್ನ ಮಕ್ಕಳು ಈ ಮಂಜುಗಡ್ಡೆಯ ಕೆಳಗೆ ಮಲಗಿದ್ದಾರೆ. ಚಳಿಗೆ ನಿದ್ದೆ ಮಾಡುತ್ತಾರೆ, ಸಾಯುವುದಿಲ್ಲ. ಬರಿಗೈಯಲ್ಲಿ ಗಡ್ಡೆ ಅಗೆದು ಬಟ್ಟಲು ತೆಗೆಯಬೇಕು. ಆಗುತ್ತದೆಯೇ?"

ಅಗೆದ. ಬೆರಳು ಕೆಂಪಾಯಿತು, ನೀಲಿಯಾಯಿತು, ಕೊನೆಗೆ ಇವೆಯೋ ಇಲ್ಲವೋ ತಿಳಿಯದಂತಾಯಿತು. ಮಂಜಿನೊಳಗಿಂದ ಒಂದು ಮಣ್ಣಿನ ಬಟ್ಟಲು ಎದ್ದು ಬಂತು.

"ನಿಲ್ಲು," ಅಂದಳು ತಾಯಿ. "ನಿಮ್ಮ ಊರಿನಲ್ಲಿ ಈಗ ಊಟಕ್ಕೆ ಏನು?"

"ತೌಡೆಲ್ಲ ತೆಗೆದು ಬೆಳ್ಳಗೆ ಮಾಡಿದ ಅಕ್ಕಿ ಅನ್ನ, ಸಕ್ಕರೆ. ಬೆಳ್ಳಗಿದ್ದದ್ದೇ ಶುದ್ಧ ಅಂತ ಧವಳಾಕ್ಷ ಹೇಳಿದ್ದಾನೆ."

"ಚೆನ್ನಾಗಿದೆ! ನೆಂಟರನ್ನು ಕರೆದು ಉಪವಾಸ ಕೆಡವುತ್ತೀರಾ? ನನ್ನ ಮಕ್ಕಳಿಗೆ ಬೇಕಾದದ್ದು ನೀವು ಬಿಸಾಡುವುದು. ತೌಡು, ರಾಗಿ ಗಂಜಿ, ಸೊಪ್ಪಿನ ದಂಟು, ಈರುಳ್ಳಿ, ಬಾಳೆದಿಂಡು. ನಿಮ್ಮ ಹೊಟ್ಟೆಗೆ ಅರಗದೆ ಉಳಿದದ್ದೇ ಅವರ ಹಬ್ಬದೂಟ. ಅದನ್ನು ಹಾಕದಿದ್ದರೆ ನಾಲ್ಕು ದಿನ ಇದ್ದು ಎದ್ದು ಹೋಗುತ್ತಾರೆ."

ಚಿತ್ತಯ್ಯ ಕೈಮುಗಿದು ಓಡಿದ. ಡೊಳ್ಳವ್ವ ಕೇಳಿದಳು, ಅರ್ಧ ಬಟ್ಟಲು ಕೊಟ್ಟ. ಹೇಂಟೆ ಕೇಳಿತು, ಉಳಿದದ್ದರಲ್ಲಿ ಅರ್ಧ ಕೊಟ್ಟ. ಹೊಳೆಯ ಹತ್ತಿರ ಬರುವಾಗ ಬಟ್ಟಲು ಬಗ್ಗಿಸಿ ನೋಡಿದರೆ ತಳದಲ್ಲಿ ಎರಡು ಚಮಚ. ಗೂಳಿ ನೀರಿನಲ್ಲಿ ಮೂತಿ ಇಳಿಬಿಟ್ಟು ನಿಂತಿತ್ತು. ಪೊದೆಯ ಹಿಂದಿನಿಂದ ನುಸುಳಿಬಿಡಲೇ? ಇಷ್ಟು ದೊಡ್ಡ ಗೂಳಿಗೆ ಒಂದು ಚಮಚ ಯಾವ ಮೂಲೆಗೆ? ಗಿಣಿಗೆ ಕಡಿಮೆಯಾದರೆ? ಆದರೂ ಹುಟ್ಟಿದಾಗಿನಿಂದ ಹೆಪ್ಪಿಗೆ ಇಲ್ಲ ಅನ್ನದ ಬಾಯಿ ಅವನದು. ದಾರಿಯಲ್ಲಿ ಬೇಡಿ ತಂದಿದ್ದ ತೌಡಿನ ಉಂಡೆಗೆ ಒಂದು ಚಮಚ ಬೆರೆಸಿ ಗೂಳಿಯ ಬಾಯಿಗೆ ಇಟ್ಟ.

ಮನೆಗೆ ಬಂದಾಗ ಪಾರವ್ವ ಬಾಗಿಲಲ್ಲೇ ಇದ್ದಳು. "ಬೇಗ ಬನ್ನಿ, ಬೆಳಿಗ್ಗೆಯಿಂದ ಗಿಣಿ ಕಣ್ಣು ಬಿಟ್ಟಿಲ್ಲ, ಮೊಸರನ್ನ ಅಂತಲೂ ಅಂದಿಲ್ಲ."

ಹಾಲು ಒಲೆಯ ಮೇಲೆ ಉಕ್ಕುತ್ತಿತ್ತು. ಇಳಿಸಿದ. ಗೊಲ್ಲರ ಮನೆಯಲ್ಲಿ ಹಾಲು ಆರಿತೇ ಅಂತ ನೋಡುವುದು ಕಿರುಬೆರಳಿನಿಂದ. ಅದ್ದಿದ. ಬೆಚ್ಚಗೂ ಅನ್ನಿಸಲಿಲ್ಲ. "ಆರಿದೆ," ಅಂದ. ಕೊನೆಯ ಚಮಚ ಹೆಪ್ಪನ್ನು ಹಾಕಿ, ಮುಚ್ಚಿ, ಕೈಮುಗಿದ.

ಬೆಳಿಗ್ಗೆ ಮುಚ್ಚಳ ತೆಗೆದ. ಏನಾಗಿತ್ತು? ಈಗ ನೀವೇ ಹೇಳುತ್ತೀರಿ. ಏನೂ ಆಗಿರಲಿಲ್ಲ.

ಪಾರವ್ವ ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಕಿರುಬೆರಳ ತುದಿಯಲ್ಲಿ ಬೊಬ್ಬೆ. "ಅಯ್ಯೋ, ಕುದಿಯೋ ಹಾಲಿಗೆ ಬೆರಳದ್ದಿದ್ದೀರಿ! ನಿಮಗೆ ಗೊತ್ತೇ ಆಗಲಿಲ್ಲವೇ?"

ಗೊತ್ತಾಗಿರಲಿಲ್ಲ. ಬೆರಳು ಇನ್ನೂ ಮಂಜಿನಲ್ಲೇ ಇತ್ತು. ಚಳಿಗೆ ಮಲಗುವ ಸಣ್ಣವರು ಬಿಸಿಗೆ ಸಾಯುತ್ತಾರೆ ಅನ್ನುವುದು ಊರಿಗೆಲ್ಲ ತಿಳಿದದ್ದು. ರಾಜ್ಯದ ಕೊನೆಯ ಚಮಚವನ್ನು, ರಾಜ್ಯದಲ್ಲೇ ಒಳ್ಳೆಯ ಮೊಸರು ಮಾಡುವವನೇ, ತನ್ನ ಕೈಯಾರೆ ಬೇಯಿಸಿಬಿಟ್ಟಿದ್ದ.

ಮನೆಯ ಮೇಲೆ ನೆರಳು ಬಿತ್ತು. ಧವಳಾಕ್ಷ ಮೋಡದಿಂದ ಬಗ್ಗಿ ನೋಡುತ್ತಿದ್ದ. "ನರಳು ಚಿತ್ತಯ್ಯಾ, ನರಳು! ನಿನ್ನದು ಬಲು ರುಚಿ!"

ಚಿತ್ತಯ್ಯ ಹಲ್ಲು ಕಚ್ಚಿದ. ಗಿಣಿಯ ಉಸಿರು ಬತ್ತಿಯ ಹಾಗೆ ಸಣ್ಣಗೆ ಆಡುತ್ತಿತ್ತು. ಮತ್ತೆ ಆರು ದಿನ ನಡೆಯಲು ಇನ್ನೆಲ್ಲಿಯ ಹೊತ್ತು? ಇವತ್ತಿನ ದಿನ ದಾಟಿದರೆ ಹೆಚ್ಚು. ಆಗ ಬೋರಜ್ಜಿ ಹಿತ್ತಲಿನಿಂದ ಕೂಗಿದಳು, "ಹೆಪ್ಪು ಕೆಟ್ಟರೆ ಏನು ಮಾಡ್ತೀವೋ ಮಂಕೇ? ನಾವು ಯಾರಿಗೆ ಕೊಟ್ಟಿದ್ವೋ ಅವರ ಮನೆಗೆ ಹೋಗಿ ಇಸ್ಕೊಂಡು ಬರ್ತೀವಿ!"

ಹೌದಲ್ಲ! ಕೊಟ್ಟಿದ್ದನಲ್ಲ!

ಹೊಳೆಗೆ ಓಡಿದ. ಗೂಳಿಯ ಹೊಟ್ಟೆ ಇಳಿದಿತ್ತು, ಬಾಯಿ ಆಡುತ್ತಿತ್ತು. ಮೆಲುಕು! "ನನ್ನ ಪಾಲು ನುಂಗಿಯಾಯಿತಲ್ಲೋ," ಅಂದಿತು ಗೂಳಿ. "ಹೇಂಟೆಯ ಪಾಲೂ ಮರಿಗಳ ಹೊಟ್ಟೆ ಸೇರಿರುತ್ತದೆ. ಹಾಲಿಗೆ ಹಾಕುವ ಹೆಪ್ಪು ಬೇಕಿದ್ದರೆ ಡೊಳ್ಳವ್ವನ ಹತ್ತಿರವೇ. ಹತ್ತು ನನ್ನ ಬೆನ್ನ ಮೇಲೆ."

ಗೂಳಿ ಗಾಳಿಯಾಯಿತು. ದಾರಿಯಲ್ಲಿ ಹೇಂಟೆ ಮರಿಗಳನ್ನು ಕೆದಕಲು ಬಿಟ್ಟುಕೊಂಡು, "ಎಡಗಡೆ ಒಳದಾರಿ! ಎಡಗಡೆ!" ಅಂತ ಕೂಗಿತು. ಆದರೂ ಹೊತ್ತು ಜಾರುತ್ತಿತ್ತು. ಬಿಸಿಲು ಹಳದಿಯಾಯಿತು, ಕೆಂಪಾಯಿತು. ಚಿತ್ತಯ್ಯನ ಕಣ್ಣು ಸೂರ್ಯನ ಮೇಲೇ. ರಾಕ್ಷಸಿಯಾದರೇನು, ಡೊಳ್ಳವ್ವ ನೇಮದವಳು. ದೀಪ ಹಚ್ಚಿದಳೆಂದರೆ ಪ್ರಾಣ ಕೊಟ್ಟಾಳು, ಹೆಪ್ಪು ಕೊಡಳು.

ಗುಡ್ಡದ ಬುಡಕ್ಕೆ ಬಂದಾಗ ಅವಳು ಬತ್ತಿ ಹೊಸೆದು, ಎಣ್ಣೆ ಬಿಟ್ಟು, ಕೊಳ್ಳಿಯನ್ನು ದೀಪದ ಹತ್ತಿರ ತಂದಿದ್ದಳು.

"ಡೊಳ್ಳವ್ವಾ, ಹಚ್ಚಬೇಡ!"

ಕೈ ನಿಂತಿತು. ಕೊಳ್ಳಿಗೂ ಬತ್ತಿಗೂ ನಡುವೆ ಒಂದು ಬೆರಳಿನಷ್ಟು ಜಾಗ.

"ಏನೋ ಇದು ಕಿರುಚಾಟ? ಮೈ ಜುಮ್ಮೆಂದಿತು!"

"ನನ್ನ ಹೆಪ್ಪು ಕೆಟ್ಟಿತು. ನಿನ್ನದರಲ್ಲಿ ಒಂದು ಚಮಚ ಕೊಡವ್ವಾ."

ಡೊಳ್ಳವ್ವ ಕೊಳ್ಳಿ ನೆಲಕ್ಕೆ ಒತ್ತಿ ನಂದಿಸಿ, ಹಂಡೆಗಳ ಮುಚ್ಚಳ ತೆಗೆದಳು. ಅರ್ಧ ಬಟ್ಟಲು ಹೆಪ್ಪು ಮೂರು ದಿನಕ್ಕೆ ಮೂರು ಹಂಡೆ ಮೊಸರಾಗಿತ್ತು! "ಚಮಚ ಏಕೋ, ಗಡಿಗೆ ತುಂಬ ತಗೊಂಡು ಹೋಗು. ಕೊಟ್ಟವನಿಗೆ ಇಲ್ಲ ಅನ್ನೋಕೆ ನಾನೇನು ಮನುಷ್ಯಳೇ?"

ಗೂಳಿ ಬಂದದ್ದಕ್ಕಿಂತ ಜೋರಾಗಿ ಓಡಿ ರಾತ್ರಿಗೇ ಮನೆ ಮುಟ್ಟಿಸಿತು; ರಾಕ್ಷಸಿಯ ಮೊಸರು ಮಗುವಿಗೆ ಬಲು ಹುಳಿ, ಹೊಸದಾಗಿ ಹೆಪ್ಪು ಹಾಕಲೇಬೇಕು. ಆ ರಾತ್ರಿ ಹಾಲಿಗೆ ಬೆರಳದ್ದಿ ನೋಡಿದವಳು ಪಾರವ್ವ. ಚಿತ್ತಯ್ಯ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಬೆಳಿಗ್ಗೆ ಮುಚ್ಚಳ ತೆಗೆಯಲು ಇಬ್ಬರಿಗೂ ಧೈರ್ಯವಿಲ್ಲ. ಬೋರಜ್ಜಿಯೇ ತೆಗೆದಳು. ಚಮಚ ಇಳಿಸಿದರೆ ಗೀರು ಬೀಳುವಂಥ ಗಟ್ಟಿ ಮೊಸರು.

ರಾಗಿ ಗಂಜಿಗೆ ಮೊಸರು ಕದಡಿ ಗಿಣಿಯ ತುಟಿಗೆ ಹಿಡಿದರು. ಒಂದು ತುತ್ತು. ನಿಂತಿತು. ಇನ್ನೊಂದು. ಅದೂ ನಿಂತಿತು. ಮಗು ಕಣ್ಣು ಬಿಟ್ಟು ಬಟ್ಟಲು ನೋಡಿ ಮುಖ ಕಿವುಚಿತು. "ಅಪ್ಪಾ, ಇದು ಮೊಸರನ್ನ ಅಲ್ಲ. ಗಂಜಿ. ಇನ್ನೂ ಸ್ವಲ್ಪ ಹಾಕು."

ಹೊರಗೆ ಧವಳಾಕ್ಷ ಒಂದು ಗೇಣು ಕುಗ್ಗಿದ.

ಆಮೇಲೇನು, ಗೋಡೆಯಾಚೆಯಿಂದ ಒಬ್ಬರು ಬಟ್ಟಲು ಚಾಚಿದರು, ಅವರ ಗೋಡೆಯಾಚೆಯಿಂದ ಇನ್ನೊಬ್ಬರು. ಹೆಪ್ಪು ಮನೆಯಿಂದ ಮನೆಗೆ ನಡೆಯಿತು. ಸಣ್ಣವರ ಊಟಕ್ಕೆ ತೌಡು, ಸೊಪ್ಪು, ಈರುಳ್ಳಿ ಅಡುಗೆಮನೆಗೆ ಮರಳಿದವು. ಮುಂದಿನ ದಿನಗಳಲ್ಲಿ ಕಳ್ಳರು ಜಾಗ ಸಿಗದೆ ಕಾಲ್ಕಿತ್ತರು, ಹಸುಗಳು ಮೆಲುಕು ಹಾಕಿದವು, ನರಳಾಟ ನಿಂತಿತು. ಧವಳಾಕ್ಷ ಮರದಷ್ಟಾದ, ಮೊಳದಷ್ಟಾದ, ಕೊನೆಗೆ ಸಾಸಿವೆ ಕಾಳಾಗಿ ಹುಲ್ಲಿನ ಮೇಲೆ ಬಿದ್ದ. ಗೂಳಿ ಹುಲ್ಲಿನ ಜೊತೆಗೇ ಅವನನ್ನೂ ನೆಕ್ಕಿಕೊಂಡಿತು. ಒಣಹುಲ್ಲನ್ನೇ ಕರಗಿಸುವ ಹೊಟ್ಟೆಗೆ ಒಬ್ಬ ಮಾಂತ್ರಿಕ ಯಾವ ಮಹಾ! ರಾಜ ಬಾಗಿಲು ತೆರೆದು ಬಂದು, ಬೋರಜ್ಜಿಯ ಮುಂದೆ ತಾನೇ ಬಟ್ಟಲು ಹಿಡಿದು ನಿಂತ. ಉಳಿದ ಬೂದಿಯನ್ನು ಭರಣಿಗೆ ತುಂಬಿ, ನಿಜವಾದ ಕಾಯಿಲೆಗೆ ಮಾತ್ರ ಚಿಟಿಕೆ ಅಂತ ಬರೆಸಿ, ವೈದ್ಯರ ಕೈಗೆ ಕೊಟ್ಟ. ಡೊಳ್ಳವ್ವ ಮನುಷ್ಯರನ್ನು ನೆಂಚಿಕೊಳ್ಳುವುದು ಬಿಟ್ಟು ಮಜ್ಜಿಗೆ ಮೆಣಸಿನಕಾಯಿಗೆ ಇಳಿದಳು. ಎಲ್ಲರೂ ಹೊಟ್ಟೆ ತಣ್ಣಗಿಟ್ಟುಕೊಂಡು ಬಾಳಿದರು. ಚಿತ್ತಯ್ಯನ ಬೆರಳೂ ಸರಿಹೋಯಿತು. ಆದರೆ ಹಾಲು ಆರಿದೆಯೇ ಅಂತ ಪಾರವ್ವನನ್ನು ಕೇಳದೆ ಅವನು ಮತ್ತೆಂದೂ ಹೆಪ್ಪು ಹಾಕಲಿಲ್ಲ.

ಇನ್ನು ಗಿಣಿ "ಇನ್ನೂ ಸ್ವಲ್ಪ ಹಾಕು" ಅಂದದ್ದು ಯಾವತ್ತು ಅಂತ ಕೇಳುತ್ತೀರಿ. ಕೆನೆಗೆರೆಯವರು ಅದನ್ನು ಮರೆತಿಲ್ಲ: ಕಾರ್ತಿಕ ಶುದ್ಧ ನವಮಿ, ಗುರುವಾರ, ಬೆಳಿಗ್ಗೆ ಹಸುಗಳನ್ನು ಮೇಯಲು ಬಿಡುವ ಹೊತ್ತು.