ಸದ್ಯಕ್ಕೆ ಬಿಡೋಣ

ನೆಲಮಾಳಿಗೆಯ ಮೆಟ್ಟಿಲಿಳಿದು ಬಂದವನನ್ನು ಕಂಡು ಅವಳ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು.

ಮೂಗಪ್ಪ... ಇವನೇ ಬರಬೇಕಿತ್ತಾ?

ಆ ಅಡ್ಡಹೆಸರು ಅವಳೇ ಇಟ್ಟದ್ದು. ಹಳೆಯ ವೈನ್ ಮೂಸಿ, ಅದು ಹಣ್ಣಾಗಿದೆಯೋ ಹಾಳಾಗಿದೆಯೋ ಎಂದು ಹೇಳುವುದು ಅವನ ಕೆಲಸ. ಮೂಗೇ ಬಂಡವಾಳ. ಬಾಯಿಗೆ ಮಾತ್ರ ಸದಾ ಬಿರಡೆ. ಮೂಗಿನಿಂದ ಬದುಕುವವನಿಗೂ ಮಾತಾಡದ ಮೂಗನಿಗೂ ಸೇರಿ ಒಂದೇ ಹೆಸರು ಸಾಕಾಗಿತ್ತು.

"ಚೆನ್ನಾಗಿದ್ದೀರಾ?" ಎಂದ ಅವನು.

ನಾನೀಗ 'ನೀವು' ಆಗಿಬಿಟ್ಟೆನಾ?

"ಇದ್ದೀನಿ," ಎಂದು ಅವಳು ಮುಖ ತಿರುಗಿಸಿದಳು.

ಜ್ವರ ಬಂದು ಹೋದ ಮೇಲೆ ಅವಳ ಸೋದರಮಾವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಬದುಕಿಡೀ ಮೂಗನ್ನು ನಂಬಿದ ಮನುಷ್ಯನಿಗೆ ಈಗ ಕಾಫಿಯೂ ಒಂದೇ, ಬಿಸಿನೀರೂ ಒಂದೇ. ವೈನ್ ಅಂಗಡಿ ಮುಚ್ಚಲು ತೀರ್ಮಾನಿಸಿ, ಉಳಿದ ಹಳೆಯ ಬಾಟಲಿಗಳನ್ನು ಪರೀಕ್ಷಿಸಲು ತಮ್ಮ ಹಳೆಯ ಶಿಷ್ಯನನ್ನು ಕರೆಸಿದ್ದರು. ಪೆಟ್ಟಿಗೆಗಳಿಗೆ ಗುರುತು ಹಾಕಲು ತಂಗಿಯ ಮಗಳನ್ನು ಕರೆಸಿದ್ದರು. ಯಾರು ಬರುತ್ತಾರೆಂದು ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಸಂಜೆಗೆ ಕೆಲಸ ಮುಗಿದರೆ ಅವನು ಈ ಮನೆಗೆ ಬರಲು ಕಾರಣವೇ ಉಳಿಯುವುದಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡಳು. ಮನಸ್ಸು ಒಪ್ಪಲಿಲ್ಲ.

ಹಿಂದೆ ಇದೇ ಮನೆಯ ಮಹಡಿಯಲ್ಲಿ ಅವಳು ಲೇಬಲ್ ಬರೆಯಲು ಹೊಸದಾಗಿ ಕೂತಿದ್ದಾಗ, ಅವನು ನೆಲಮಾಳಿಗೆಯಿಂದ ಏನಾದರೊಂದು ನೆಪ ಹಿಡಿದು ಮೇಲೆ ಬರುತ್ತಿದ್ದ. ಅಂಟು ಬೇಕು, ಕತ್ತರಿ ಬೇಕು, ಏನೂ ಇಲ್ಲದಿದ್ದರೆ ಗಂಟೆ ಎಷ್ಟು. ಒಂದು ದಿನ ಅವಳೇ ಧೈರ್ಯ ಮಾಡಿ, "ನಮ್ಮಿಬ್ಬರ ವಿಷಯ ಮಾವನ ಹತ್ರ ಯಾವಾಗ ಹೇಳೋಣ?" ಎಂದು ಕೇಳಿದ್ದಳು.

ಅವನು ತುಂಬಾ ಹೊತ್ತು ಅವಳನ್ನೇ ನೋಡಿ, "ಸದ್ಯಕ್ಕೆ ಬಿಡೋಣ," ಎಂದಿದ್ದ.

ಆ ವಾರವೇ ಅವಳು ಬೇರೆ ಊರಿನ ಪ್ರೆಸ್ಸಿಗೆ ಸೇರಿದಳು. ಅವನ ಫೋನುಗಳು ಬಂದವು, ಎತ್ತಲಿಲ್ಲ. ಬಿಟ್ಟ ಮೇಲೆ ಇನ್ನೇನು ಮಾತು?

ಈಗ ಅವನು ಪ್ರತಿ ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು, ವೈನ್ ಕತ್ತಿನಿಂದ ಎಷ್ಟು ಇಳಿದಿದೆ ಎಂದು ನೋಡುತ್ತಿದ್ದ. ಗ್ಲಾಸನ್ನು ಬಿಳಿ ಬಟ್ಟೆಯ ಮುಂದೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯುತ್ತಿದ್ದ.

"ಇದು ಮುಗಿದಿದೆ." ಆ ಪೆಟ್ಟಿಗೆ ವಿನೆಗರ್ ಮಾಡುವವರ ಗಾಡಿಗೆ.

"ಇದು ಈಗ ಕುಡಿಯೋಕೆ ಸರಿ." ಅದು ಮಾರಾಟಕ್ಕೆ.

ಮೂಲೆಯ ಪೆಟ್ಟಿಗೆಯ ವೈನ್ ಬಾಯಲ್ಲಿಟ್ಟುಕೊಂಡವನು ಕಣ್ಣು ಮುಚ್ಚಿದ. ಬೇಗ ತೆರೆಯಲಿಲ್ಲ.

"ಇದನ್ನ... ಸದ್ಯಕ್ಕೆ ಬಿಡೋಣ."

ಅದೇ ಮಾತು, ಅದೇ ದನಿ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಟು ಹಾಕಿ, ವಿನೆಗರ್ ಗಾಡಿಗೆ ಹೋಗುವ ಸಾಲಿಗೆ ನೂಕಿದಳು.

ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಮಾವ ಹೌಹಾರಿದರು. "ಅಯ್ಯೋ ಪುಟ್ಟಿ, ಅದನ್ಯಾಕೆ ಅಲ್ಲಿಗೆ ತಳ್ತೀಯ?"

"ಬಿಡೋಣ ಅಂದ್ರಲ್ಲ."

"ಬಿಡೋಣ ಅಂದ್ರೆ ಬಿಸಾಕೋಣ ಅಂತಲ್ಲಮ್ಮ. ಈ ನೆಲಮಾಳಿಗೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇದು ತುಂಬಾ ಕಾಲ ಬಾಳೋ ಮಾಲು, ಅವಸರ ಮಾಡಿ ಕೆಡಿಸಬೇಡಿ ಅಂತ. ಇವನಿಗೆ ಆ ಮಾತು ಕಲಿಸಿದ್ದೇ ನಾನು."

ಅವಳ ಕೈ ಪೆಟ್ಟಿಗೆಯ ಮೇಲೇ ನಿಂತಿತು.

ಹಾಗಾದರೆ ಅವತ್ತು...

ಅವಳು ಅವನ ಕಡೆ ನೋಡಿದಳು. ಅವನ ಮುಖವೂ ಬಿಳಿಚಿಕೊಂಡಿತ್ತು. ಮಾವ ಇಬ್ಬರನ್ನೂ ನೋಡಿ, ಮೊಣಕಾಲು ಹಿಡಿದುಕೊಂಡು ಎದ್ದರು. "ಕಾಫಿ ಮಾಡ್ಕೊಂಡು ಬರ್ತೀನಿ. ರುಚಿ ಹೇಗಿದೆ ಅಂತ ಮಾತ್ರ ನನ್ನ ಕೇಳಬೇಡಿ."

ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದು ಅಡಗಿತು.

"ಅವತ್ತು ನನಗೂ ಅದೇ ಅರ್ಥದಲ್ಲಿ ಹೇಳಿದ್ರಾ?"

"ಹೂಂ. ನನಗೆ ಗೊತ್ತಿದ್ದ ಅತಿ ಒಳ್ಳೆ ಮಾತು ಅದು. ಕೆಲಸ ಪೂರ್ತಿ ಕಲಿತು, ನನ್ನ ಕಾಲ ಮೇಲೆ ನಿಂತು, ಆಮೇಲೆ ನಿಮ್ಮ ಮಾವನ್ನ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಹೊರಟುಹೋದ್ರಿ. ನಾನೇ ಬೇಡವಾದೆ ಅಂದ್ಕೊಂಡೆ."

"ನಾನೇನು ಬಾಟಲಿನಾ, ಕತ್ತಲೆಯಲ್ಲಿ ಮಲಗಿಸಿಟ್ರೆ ತಾನಾಗೇ ಹಣ್ಣಾಗೋಕೆ?" ನಗುತ್ತಾ ಶುರುವಾದ ಮಾತು ಅಳುವಿನಲ್ಲಿ ಮುಗಿಯಿತು. "ಫೋನ್ ಎತ್ತದೆ ಇದ್ದದ್ದು ನನ್ನ ತಪ್ಪೇ. ಆದ್ರೆ ಇನ್ನೊಂದು ಮಾತು ಬಿಡಿಸಿ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಬಗ್ಗಿ, ಪೆಟ್ಟಿಗೆಯ ಮೇಲಿನ ಕಾಟನ್ನು ಅಂಗಿಯ ತೋಳಿನಿಂದ ಒರೆಸಿದ.

"ಇಷ್ಟು ವರ್ಷ ಆಯ್ತು. ಮುಗಿದಿದೆಯಾ, ಉಳಿದಿದೆಯಾ... ಇದೊಂದನ್ನ ಮೂಸಿ ಹೇಳೋಕೆ ನನಗೆ ಬರಲ್ಲ. ನೀನೇ ಹೇಳು."

ನೀನು. ಆ ಒಂದು ಪದಕ್ಕೆ ಅವಳು ಎಷ್ಟು ಕಾದಿದ್ದಳೆಂದು ಅವಳಿಗೇ ಈಗ ತಿಳಿಯಿತು.

ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಸೀಮೆಸುಣ್ಣ ಮೆತ್ತಿತು.

"ಮುಗಿದಿದ್ರೆ ನಿನ್ನ ನೋಡಿ ನನ್ನ ಕೈಲಿದ್ದ ಸೀಮೆಸುಣ್ಣ ಮುರೀತಿರಲಿಲ್ಲ."

"ಹಾಗಾದ್ರೆ ನಿಮ್ಮ ಮಾವ ಕಾಫಿ ತಂದ ತಕ್ಷಣ ಹೇಳ್ತೀನಿ. ಇನ್ನು ಬಿಡೋದು ಬೇಡ."

"ಬಿಡೋದಿದ್ರೆ ಇನ್ಮೇಲೆ ಒಂದನ್ನ ಮಾತ್ರ ಬಿಡು, ಮೂಗಪ್ಪ."

"ಏನನ್ನ?"

"ಬಾಯಿ."