ಅಯ್ಯನೋರ ಸಾರಿನಲ್ಲಿ ಹಲ್ಲಿ

ಕೊಟ್ರಯ್ಯನ ಮದುವೆ ಮುರಿದದ್ದು ಒಂದು ಹೋಳಿಗೆಯಿಂದ. ಹೆಣ್ಣಿನ ಸೋದರಮಾವ ಕಂಪ್ಲಿಯಿಂದ ಹೊಸಪೇಟೆಗೆ ಬಂದು, ಗಂಡಿನ ಅಂಗಡಿ ನೋಡಿ, ಒಪ್ಪಿದ ಮುಖ ಮಾಡಿ, ಊಟಕ್ಕೆಂದು ಅವನ ಜೊತೆ ಕೊಟ್ರಬಸಮ್ಮನ ಖಾನಾವಳಿಯಲ್ಲಿ ಕೂತಿದ್ದ. ಕೊಟ್ರಯ್ಯ ಎರಡನೇ ಹೋಳಿಗೆಗೆ ಕೈ ಚಾಚಿದ. ಕೊಟ್ರಬಸಮ್ಮ ಬುಟ್ಟಿಯನ್ನೇ ಹಿಂದಕ್ಕೆಳೆದುಕೊಂಡಳು.

“ಬ್ಯಾಡ್ರಿ ಅಯ್ಯನೋರೆ! ನಿಮಗ ಸಕ್ಕರಿ ಐತಿ, ಮರ್ತ್ರೇನ್? ಮೊನ್ನಿ ತಲಿ ತಿರಗಿ ಇಲ್ಲೇ ಬಿದ್ದಿದ್ರಿ.”

ಹೇಳಿದ್ದು ಮಮತೆಯಿಂದಲೇ. ಆದರೆ ಇಡೀ ಖಾನಾವಳಿಗೆ ಕೇಳುವಂಥ ಮಮತೆ. ಸೋದರಮಾವ ಮಜ್ಜಿಗೆ ಕುಡಿದು, ಕೈ ತೊಳೆದು, ಕಂಪ್ಲಿ ಬಸ್ಸು ಹತ್ತಿದ. ಆಮೇಲೆ ಅವನು ಕೊಟ್ರಯ್ಯನ ಫೋನನ್ನೇ ಎತ್ತಲಿಲ್ಲ.

ಬೇರೆಯವರಾಗಿದ್ದರೆ ಬೀದಿಯಲ್ಲಿ ನಿಂತು ಬಯ್ಯುತ್ತಿದ್ದರು. ಕೊಟ್ರಯ್ಯ ಬಯ್ಯುವವನಲ್ಲ, ಟೈಪ್ ಮಾಡುವವನು. ಕೋರ್ಟಿನ ಎದುರು ಅವನದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ತಣ್ಣಗಾಗದ ಫ್ರಿಜ್ಜು, ನೀರೆತ್ತದ ಮೋಟಾರು, ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಮದುವೆ ಸೀರೆ, ಹೀಗೆ ಊರಿನ ಅರ್ಧ ಸಂಕಟಗಳು ಅವನ ಬೆರಳಿನಿಂದಲೇ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದ್ದವು. ವಕೀಲರಿಲ್ಲದೆಯೂ ಅಲ್ಲಿ ದೂರು ಕೊಡಬಹುದೆಂದು ಅವನಿಗೆ ಗೊತ್ತು. ಖಾನಾವಳಿಯ ಬಾಗಿಲು ಮುಚ್ಚಿಸಿದರೆ ಆ ಬಾಯಿ ತಾನಾಗಿ ಮುಚ್ಚುತ್ತದೆ ಎಂದುಕೊಂಡ.

ಇದಕ್ಕೆ ಅವನು ಆರಿಸಿದ್ದು ಹಲ್ಲಿಯನ್ನು. ಝೆರಾಕ್ಸ್ ಮಷೀನಿನ ಹಿಂದೆ ಒಂದು ಸತ್ತು ಬಿದ್ದಿತ್ತು. ದಡ್ಡನಾಗಿದ್ದರೆ ಅದನ್ನು ಹಾಗೇ ಸಾರಿಗೆ ಹಾಕುತ್ತಿದ್ದ. ಬೇಯದ ಹಲ್ಲಿ ಲ್ಯಾಬಿನಲ್ಲಿ ಸಿಕ್ಕಿಬೀಳುತ್ತದೆ. ಕೊಟ್ರಯ್ಯ ಮನೆಯಲ್ಲಿ ಅಮ್ಮ ಗುಡಿಗೆ ಹೋದ ಹೊತ್ತು ನೋಡಿ, ಹುಣಸೆಹುಳಿ, ಖಾರದ ಪುಡಿ ಹಾಕಿ ಅದನ್ನು ಹದವಾಗಿ ಕುದಿಸಿದ. ಉಪ್ಪು ಸಾಲದೇನೋ ಅನ್ನಿಸಿತು. ರುಚಿ ನೋಡುವುದೊಂದನ್ನು ಬಿಟ್ಟ. ಪಾತ್ರೆಯನ್ನು ಕಾಲುವೆಗೆ ಎಸೆದು, ಹಲ್ಲಿಯನ್ನು ತನ್ನ ಸಕ್ಕರೆ ಗುಳಿಗೆಯ ಡಬ್ಬಿಯಲ್ಲಿಟ್ಟುಕೊಂಡ.

ಸಾಕ್ಷಿಗೆ ಆಟೊ ಹಂಪೇಶನನ್ನು ಹಿಡಿದ. ಸುಳ್ಳು ಹೇಳಲು ಬಾರದೆ ಎರಡು ಸಲ ಪೊಲೀಸರಿಗೆ ದಂಡ ಕಟ್ಟಿದವನು ಅವನು. ಅವನಿಗೆ ಏನನ್ನೂ ಹೇಳಿಕೊಡಬೇಕಾಗಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು. ಕಂಡದ್ದನ್ನು ಕಂಡಂತೆ ಹೇಳುತ್ತಾನೆ. ಖಾನಾವಳಿಯಲ್ಲಿ ಹಂಪೇಶ ಮೆಣಸಿನಕಾಯಿ ಕಡಿದು ಕಣ್ಣು ಮುಚ್ಚಿದ ಗಳಿಗೆಯಲ್ಲಿ ಹಲ್ಲಿ ಕೊಟ್ರಯ್ಯನ ಸಾರಿಗಿಳಿಯಿತು.

“ಅಯ್ಯಯ್ಯೋ, ಬಾಲ ಐತ್ರಿ ಇದಕ್ಕ!” ಎಂದು ಹಂಪೇಶನೇ ಕೂಗಿದ. ಕೊಟ್ರಯ್ಯ ಕೂಗಲಿಲ್ಲ. ನಿಜವಾಗಿ ನೊಂದವರು ಕೂಗುವುದಿಲ್ಲವೆಂದು ಅವನು ಮೊದಲೇ ಲೆಕ್ಕ ಹಾಕಿದ್ದ. ಮೆಲ್ಲಗೆ ಫೋಟೊ ತೆಗೆದು, ಹಿತ್ತಲಿಗೆ ಹೋಗಿ ಉಪ್ಪುನೀರು ಕುಡಿದು, ಆಸ್ಪತ್ರೆಯಲ್ಲಿ ಡಾಕ್ಟರ ಕಾಲ ಬಳಿಯೇ ವಾಂತಿ ಮಾಡಿದ.

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಲ್ಯಾಬಿನವರು ಹಲ್ಲಿ ಚೆನ್ನಾಗಿ ಬೆಂದಿದೆ ಎಂದರು. ದೂರು ಆಯೋಗಕ್ಕೆ ಹೋಯಿತು. ಅಲ್ಲಿನ ನೋಟಿಸು ತಲುಪುವ ಮೊದಲೇ ಸುದ್ದಿ ತಲುಪಿ ಖಾನಾವಳಿಯ ಬೆಂಚುಗಳು ಖಾಲಿಯಾದವು. ಒಂದು ದಿನ ಕೊಟ್ರಬಸಮ್ಮ ನೋಟಿಸು ಹಿಡಿದು ಅವನ ಅಂಗಡಿಗೇ ಬಂದಳು.

“ಗಂಡ ಹೋದಮ್ಯಾಲೆ ಆ ಒಲಿ ಒಂದ ನನಗ ದಿಕ್ಕರಿ. ಅದನ್ನ ಆರಿಸಬ್ಯಾಡ್ರಿ ಅಯ್ಯನೋರೆ.”

“ಕಾನೂನು ನನ್ ಕೈಯಾಗಿಲ್ಲಮ್ಮ,” ಎಂದ ಕೊಟ್ರಯ್ಯ ನಿಟ್ಟುಸಿರಿಟ್ಟು. ಅವಳ ನೋಟಿಸಿನ ಝೆರಾಕ್ಸ್ ತೆಗೆದುಕೊಟ್ಟ.

ವಿಚಾರಣೆಯ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸ್ವಲ್ಪ ಕುಂಟಿದ. ಹೊಟ್ಟೆನೋವಿಗೆ ಕುಂಟಬೇಕಾಗಿಲ್ಲವೆಂದು ನೆನಪಾಗಿ ನೆಟ್ಟಗಾದ. ಹಂಪೇಶ ಕಂಡದ್ದನ್ನು ಕಂಡಂತೆ ಹೇಳಿದ. ಆಯೋಗದ ಅಧ್ಯಕ್ಷರು ದೂರನ್ನು ಓದಿಸಿ, “ಏನಮ್ಮ, ನೀವೇನು ಹೇಳ್ತೀರಿ?” ಎಂದರು.

ಕೊಟ್ರಬಸಮ್ಮ ಸೆರಗು ಹೊದ್ದು ಎದ್ದಳು. “ಹಲ್ಲಿ ಬಿದ್ದಿದ್ರೂ ಬಿದ್ದಿರಬೌದ್ರಿ ಸಾಹೇಬ್ರ, ಹಂಚಿನ ಮನಿ. ಅದಕ್ಕ ಏನ್ ಶಿಕ್ಷಾ ಕೊಟ್ರೂ ಉಣ್ತೀನಿ. ಆದ್ರ ಒಂದ್ ಮಾತು ಭಾಳ ಸುಳ್ಳು ಬರ್ದಾರ್ರಿ.” ಮೊದಲ ಸಲ ಅವಳ ದನಿ ಗಡುಸಾಯಿತು. “ನಾನು ಅಯ್ಯನೋರ ಕಡಿಂದ ರೊಕ್ಕ ಇಸ್ಕಂಡು ಉಣ್ಣಾಕ ಇಟ್ಟೆ ಅಂತಾರ. ಅಯ್ಯನೋರು ಜಂಗಮರ್ರಿ. ನಮ್ಮತ್ತಿ ಕಾಲದಿಂದ್ಲೂ ಜಂಗಮರು ಉಂಡ್ರ ರೊಕ್ಕ ಮುಟ್ಟಿಲ್ರಿ ನಾವು. ಈ ಪಾಪ ನನ್ನ ತಲಿಗೆ ಕಟ್ಟಬ್ಯಾಡ್ರಿ!”

“ಹೌದೇನಪ್ಪ?” ಎಂದು ಅಧ್ಯಕ್ಷರು ಹಂಪೇಶನ ಕಡೆ ತಿರುಗಿದರು.

“ಹೌದ್ರಿ ಸರ. ನಾ ನಂದಷ್ಟ ಕೊಟ್ಟೆ. ಅಯ್ಯನೋರು ಕೈ ತೊಳಕಂಡು ಹೋಗಿಬಿಡ್ತಾರ್ರಿ, ದಿನಾ ಹಂಗ.”

ದುಡ್ಡು ಕೊಟ್ಟವನಷ್ಟೇ ಗ್ರಾಹಕ, ಕೊಡದವನು ಅತಿಥಿ, ಅತಿಥಿಯ ದೂರು ಇಲ್ಲಿ ನಡೆಯುವುದಿಲ್ಲ ಎಂದರು ಅಧ್ಯಕ್ಷರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ದುಡ್ಡು ಕೊಟ್ಟೆನೆಂದು ಪ್ರಮಾಣ ಮಾಡಿ ಸಹಿ ಹಾಕಿದ್ದೇಕೆಂದು ಕೇಳಿದರು. ಇಷ್ಟು ಸಲೀಸಾಗಿ ಸುಳ್ಳು ಹೇಳುವವರ ಹಲ್ಲಿಯ ಮೂಲವನ್ನು ಪೊಲೀಸರೇ ವಿಚಾರಿಸಲಿ ಎಂದೂ ಸೇರಿಸಿದರು. ಬೇಕೆಂದೇ ಹೇಳಿದ ಸುಳ್ಳುಗಳೆಲ್ಲ ಕೊಟ್ರಯ್ಯನಿಗೆ ಬಾಯಿಪಾಠ. ಇದೊಂದು ಮಾತ್ರ ಸುಳ್ಳೆಂದೇ ಗೊತ್ತಿರಲಿಲ್ಲ. ಹಣ ಕೊಟ್ಟಿದ್ದೇನೆ ಎಂಬುದು ಎಲ್ಲರ ದೂರಿನಲ್ಲೂ ಇರುವ ಸಾಲು, ಕೈ ರೂಢಿಯಲ್ಲಿ ಟೈಪ್ ಮಾಡಿತ್ತು. ಹುಟ್ಟಿದಾಗಿನಿಂದ ಉಂಡು ಎದ್ದು ಹೋದವನಿಗೆ, ಊಟಕ್ಕೆ ದುಡ್ಡು ಕೊಡದೆ ಬಂದದ್ದು ಗಮನಕ್ಕೆ ಬರುವುದಾದರೂ ಹೇಗೆ?